ಕೂತೇ ನಿದ್ದೆ ಮಾಡುವವಳು

ಅಕ್ಕಾ,

ನೀನು ಹೋಗಿ ಹನ್ನೊಂದು ವರ್ಷವಾಯ್ತು. ಇವತ್ತು ನನಗೆ ಕೂತಲ್ಲಿ ಕೂರೋಕಾಗ್ತಿಲ್ಲ. ಹೊಲಿಗೆ ಹಿಡಿದರೆ ದಾರ ತುಂಡಾಗುತ್ತೆ, ಎದ್ದು ಬಾಗಿಲಿಗೆ ಹೋಗಿ ಮತ್ತೆ ಬರ್ತೀನಿ.

ನಿನ್ನೆ ನನ್ನ ಹೊಲಿಗೆ ಅಂಗಡಿಗೆ ಒಬ್ಬಳು ಬಸುರಿ ತನ್ನ ಅತ್ತೆ ಜೊತೆ ಬಂದಿದ್ದಳು. ಹೊಟ್ಟೇಲಿ ಅವಳಿ, ಎಂಟನೇ ತಿಂಗಳು. ಬಟ್ಟೆ ಸಡಿಲ ಮಾಡಿಸಬೇಕಿತ್ತು. ಅಳತೆಗೆ ನಿಂತಲ್ಲೇ ಏದುಸಿರು ಬಿಡ್ತಿದ್ದಳು. ಕಾಲೆರಡೂ ಊದಿದ್ದವು.

"ಮಲಗಿದರೆ ಉಸಿರು ಕಟ್ಟುತ್ತೆ ಅಂತ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತೀನಿ" ಅಂದಳು.

"ಎರಡೆರಡು ಹೊತ್ತರೆ ಏದುಸಿರು ಬರದೆ ಇರುತ್ತಾ?" ಅಂತ ಅತ್ತೆ ನಕ್ಕರು.

ನಾನು ಟೇಪು ಕೆಳಗಿಟ್ಟೆ. ಷಟರ್ ಎಳೆದು, ಇಬ್ಬರನ್ನೂ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಅತ್ತೆ ಬೈದರು. ಡಾಕ್ಟರು ಎದೆಯ ಸ್ಕ್ಯಾನ್ ನೋಡಿ, "ಅವಳಿ ಬಸುರಿನಲ್ಲಿ ಹೃದಯಕ್ಕೆ ಹೊರೆ ಜಾಸ್ತಿ. ಇವರ ಹೃದಯ ಸೋತಿದೆ. ಸದ್ಯ, ಬೇಗ ಕರ್ಕೊಂಡು ಬಂದ್ರಿ" ಅಂದರು.

ಇವತ್ತು ಬೆಳಗ್ಗೆ ಹೋಗಿ ನೋಡಿದೆ. ಔಷಧಿಗೆ ಉಸಿರಾಟ ಹಗುರಾಗಿದೆ, ಹೊಟ್ಟೆಯಲ್ಲಿರೋ ಮಕ್ಕಳೂ ಚೆನ್ನಾಗಿದ್ದಾವೆ.

"ನಿಮಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿದಳು.

"ನಮ್ಮಕ್ಕನೂ ಕೂತೇ ನಿದ್ದೆ ಮಾಡ್ತಿದ್ದಳು" ಅಂದೆ. ನೀನು ಅದನ್ನ ಹೇಳಿದಾಗ ನಾನೂ ಆ ಅತ್ತೆ ಥರಾನೇ ನಕ್ಕಿದ್ದೆ ಅಂತ ಹೇಳೋಕೆ ಬಾಯಿ ಬರಲಿಲ್ಲ.

ನೀನು ಹೆತ್ತು ಬಿಟ್ಟುಹೋದ ಅವಳಿ ಮಕ್ಕಳಿಬ್ಬರೂ ಸ್ಕೂಲಿಂದ ಬರೋ ಹೊತ್ತಾಯ್ತು. ನಾನು ಅವತ್ತು ನಕ್ಕಿದ್ದನ್ನ ಅವರಿಗೂ ಇನ್ನೂ ಹೇಳಿಲ್ಲ.