ಹೆಜ್ಜೆ ತಪ್ಪಿಸಿದ ಅಕ್ಕನಿಗೆ

ತೂಗುಸೇತುವೆ ಕಾಯುವ ಅಕ್ಕನಿಗೆ, ಹೊಲಿಗೆ ಅಂಗಡಿಯವಳ ನಮಸ್ಕಾರ.

ನಮ್ಮ ಅತ್ತೆ ಬದುಕಿಕೊಂಡರು. ಮೊದಲು ನಿಮಗೇ ತಿಳಿಸಬೇಕು ಅನ್ನಿಸಿತು.

ಅವತ್ತು ಆಂಬುಲೆನ್ಸ್ ಆಚೆ ದಡದಲ್ಲಿ ನಿಂತಿತ್ತು. ಅತ್ತೆಯನ್ನು ಮಂಚದ ಸಮೇತ ಹೊತ್ತವರು ನಾಲ್ವರು ಹಮಾಲಿಗಳು. ಮೂಟೆ ಹೊತ್ತು ಅಭ್ಯಾಸ ನೋಡಿ, ಹಾಡಿಕೊಂಡು ಒಂದೇ ತಾಳಕ್ಕೆ ಹೆಜ್ಜೆ ಹಾಕಿದರು. ಸೇತುವೆಯೂ ಅದೇ ತಾಳ ಹಿಡಿದು ತೂಗತೊಡಗಿತು. ನಡುಮಧ್ಯಕ್ಕೆ ಬರುವಷ್ಟರಲ್ಲಿ ಮಂಚ ಕೈತಪ್ಪಿ ಹೊಳೆಗೆ ಬೀಳುವ ಹಾಗಾಯಿತು.

"ಹಾಡು ನಿಲ್ಲಿಸ್ರಪ್ಪಾ, ಒಬ್ಬೊಬ್ಬರೂ ಒಂದೊಂದು ಥರ ಹೆಜ್ಜೆ ಹಾಕಿ" ಅಂತ ನೀವು ಕೂಗಿದಿರಿ. ಜೀವ ಹೋಗುವ ಹೊತ್ತಲ್ಲಿ ಇವಳದೊಂದು ಕಾಟ ಅಂತ ನಾನು ಬಾಯಿಗೆ ಬಂದಂತೆ ಬೈದೆ. ಅವರು ನಿಮ್ಮ ಮಾತು ಕೇಳಿದರು. ನಾಲ್ಕು ಜನ ನಾಲ್ಕು ಥರ ನಡೆದದ್ದೇ ತಡ, ತೂಗಾಟ ತಾನಾಗಿ ಇಳಿಯಿತು.

ಭಾನುವಾರ ಅತ್ತೆ ತಾವೇ ನಡೆದು ಬಂದು ನಿಮ್ಮನ್ನು ನೋಡಬೇಕಂತೆ. ಕೂರಲು ಒಂದು ಸ್ಟೂಲ್ ಹಾಕಿಡಿ. ಜೊತೆಗೆ ನಾನೊಬ್ಬಳೇ ಬರುವುದು, ಸೇತುವೆಯ ಚಿಂತೆ ನಿಮಗೆ ಬೇಡ. ನಾನು ಈ ಮನೆಗೆ ಬಂದಾಗಿನಿಂದ ಅವರ ಹೆಜ್ಜೆಗೂ ನನ್ನ ಹೆಜ್ಜೆಗೂ ಒಂದು ದಿನವೂ ಹೊಂದಿದ್ದಿಲ್ಲ. ಈಗ ದಿನಾ ಕೈ ಹಿಡಿದೇ ನಡೆಸುತ್ತಿದ್ದೇನೆ, ಆದರೂ ಹೊಂದುತ್ತಿಲ್ಲ.

ಇಂತಿ,
ನಿಮ್ಮನ್ನು ಬೈದವಳು