ಬಳಿಯಿಲ್ಲದವಳ ತವರು

ಬೀಜಾಡಿ,
೧೫-೬-೧೯೪೨, ಸೋಮವಾರ

ಚಿರಂಜೀವಿ ಚಂದಯ್ಯನಿಗೆ,

ಇದು ಬೀಜಾಡಿ ಮೂಡುಮನೆಯ ಯಜಮಾನ್ತಿ, ಕುಂದಾಪುರದ ಹೈಸ್ಕೂಲಿನಲ್ಲಿ ನಾಲ್ಕನೇ ಫಾರಂ ತನಕ ಕಲಿತ, ಈ ಊರಿನ ಹೆಂಗಸರ ಕಾಗದಗಳನ್ನೆಲ್ಲ ಓದಿ ಹೇಳುವ ಅಮ್ಮಣಿ ಶೆಡ್ತಿ ಬರೆದ ಕಾಗದ. ಇಷ್ಟು ಉದ್ದ ಬರೆಯಲು ಕಾರಣವುಂಟು. ಹತ್ತು ವರ್ಷದ ಮೇಲೆ ಬಂದ ನಿನ್ನ ಕಾಗದದಲ್ಲಿ ‘ಮನೆಯವರಿಗೆ’ ಎಂದಿತ್ತು, ‘ಅಮ್ಮ’ ಎಂದಿರಲಿಲ್ಲ. ಈ ಮನೆಗೆ ಹಿರಿಯರು ಯಾರೆಂದು ನಿನಗೆ ಮರೆತಿರಬಹುದು.

ಜ್ವರ ಬಿಟ್ಟಿತೇ? ಕಾಲಿನ ಹುಣ್ಣು ಒಣಗಿತೇ? ಬರ್ಮಾದ ಗಡಿಯ ಗುಡ್ಡ ಹತ್ತಿಳಿದು ಅಸ್ಸಾಮಿಗೆ ಇಪ್ಪತ್ತಾರು ದಿನ ನಡೆದೆನೆಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಜೊತೆಗೆ ಹೊರಟವರೆಷ್ಟು, ಮುಟ್ಟಿದವರೆಷ್ಟು ಎಂದು ಬರೆದಿಲ್ಲ. ಆಸ್ಪತ್ರೆಯಲ್ಲಿ ಗಂಜಿ ಕೊಟ್ಟರೆ ಮುಖ ಸಿಂಡರಿಸದೆ ಉಣ್ಣು. ನಾನು ಆರೋಗ್ಯ. ಮಳೆ ಹಿಡಿದಿದೆ, ನಾಟಿ ಕೆಲಸ ಮುಂದಿದೆ, ಆದರೆ ಒಂದು ಕಡೆ ಕೂರಲಾಗುತ್ತಿಲ್ಲ. ಈ ಕಾಗದದ ನಡುವೆಯೇ ಮೂರು ಸಲ ಎದ್ದು ಗದ್ದೆಯ ತನಕ ಹೋಗಿ ಬಂದೆ.

ಜನವರಿಯಲ್ಲಿ ನೀನು ರಂಗೂನಿನಲ್ಲಿ ಹಡಗು ಹತ್ತಿಸಿದ ಮಾ ಖಿನ್ ಮತ್ತು ಆರು ವರ್ಷದ ಬೇಬಿ ಮದ್ರಾಸು, ಮಂಗಳೂರು ಸುತ್ತಿ ಫೆಬ್ರವರಿಯಲ್ಲಿ ಇಲ್ಲಿ ಮುಟ್ಟಿದರು. ಕೈಯಲ್ಲಿ ನಿನ್ನ ಅಕ್ಷರದ ವಿಳಾಸದ ಚೀಟಿ, ನಿನ್ನ ಚಾದಂಗಡಿಯ ಒಂದು ಕೆಟಲು. ನಿನಗೆ ಮದುವೆಯಾಗಿದೆ ಎಂದು ನನಗೆ ತಿಳಿದದ್ದೇ ಅಂದು. ಅಂಗಡಿಯಲ್ಲಿ ಕಿವಿಗೆ ಬಿದ್ದ ಕನ್ನಡವಷ್ಟೇ ಅವಳಿಗೆ ಬರುವುದು. ನನ್ನ ಮೆಟ್ಟಿಲ ಮೇಲೆ ನಿಂತು, ಕೈ ಮುಗಿದು, ಗಿರಾಕಿಯನ್ನು ಕೂರಿಸುವ ಹಾಗೆ ನನಗೇ ಹೇಳಿದಳು: “ಕೂಕಣಿ, ಎಂತ ಬೇಕ್?” ನಾನು ನಗಲಿಲ್ಲ. ಬಾವಿಕಟ್ಟೆಗೆ ಹೋದ ಮೇಲೆ ನಕ್ಕೆ. ಬಾಂಬು ಬಿದ್ದ ದಿನ ಅವಳ ತಾಯಿಯೂ ತಾಯಿಯ ಮನೆಯೂ ಒಟ್ಟಿಗೆ ಹೋದವೆಂದು ಆಮೇಲೆ ಬೇಬಿ ಹೇಳಿತು, ಊಟದ ನಡುವೆ, ಉಪ್ಪು ಕೇಳಿದ ಹಾಗೆ. ಆ ಮಗು ಈಗ ಗದ್ದೆಯಂಚಿನಲ್ಲಿ ನನ್ನ ಹಿಂದೆಯೇ ನಡೆಯುವುದನ್ನು ಕಲಿತಿದೆ.

ನೀನೋ, ‘ಇಬ್ಬರನ್ನೂ ಮದ್ರಾಸಿನ ನಿರಾಶ್ರಿತರ ಶಿಬಿರಕ್ಕೆ ಕಳಿಸಿಬಿಡಿ, ನಾನು ಆ ಮನೆಗೆ ಬರುವವನಲ್ಲ’ ಎಂದು ಬರೆದಿದ್ದೀಯ.

ಊರಿನವರು ಯುದ್ಧದ ಸುದ್ದಿ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು: “ಅದರ್ ಬಳಿ ಯಾವ್ದ್?” ನೀನು ಮರೆತಿದ್ದರೆ ನೆನಪಿಸುತ್ತೇನೆ. ನಮ್ಮಲ್ಲಿ ಬಳಿ ಎಂಬ ವಂಶದ ಹೆಸರು, ಮನೆ, ಆಸ್ತಿ ಎಲ್ಲ ತಾಯಿಯ ಕಡೆಯಿಂದ. ಮಗನ ಮಕ್ಕಳು ಸೊಸೆಯ ತವರಿಗೆ ಸೇರಿದವರು. ತವರೇ ಸುಟ್ಟುಹೋದವಳ ಮಗು ಯಾವ ಮನೆಯದು? ನಾನು ಕಣ್ಣು ಮುಚ್ಚಿದ ಮರುದಿನ ಅವರಿಬ್ಬರನ್ನೂ ಅಂಗಳಕ್ಕಿಳಿಸಲು ಯಾರಿಗಾದರೂ ಒಂದು ಮಾತು ಸಾಕು.

ಅವಳನ್ನು ನನ್ನ ಮಗಳೆಂದೇ ದತ್ತು ತೆಗೆದುಕೊಳ್ಳುತ್ತೇನೆ ಎಂದು ಹೊರಟೆ. ನಿನ್ನ ಮಾವ, ನನ್ನ ತಮ್ಮ ಅಣ್ಣಯ್ಯ, ಎಲೆಯಡಿಕೆ ಉಗಿದು ಬಂದು, “ಅಕ್ಕಾ, ಹಾಂಗ್ ಮಾಡ್ರೆ ಅದ್ ಚಂದಯ್ಯಂಗೆ ತಂಗಿ ಆತ್ತಲೆ!” ಎಂದ. ಹೈಸ್ಕೂಲು ಕಲಿತವಳಿಗೆ ಅಷ್ಟೂ ಹೊಳೆದಿರಲಿಲ್ಲ. ಒಂದು ವಾರ ಅವನ ಮುಖ ನೋಡಲಿಲ್ಲ.

ಹಾಗಾದರೆ ಬೇರೆ ಬಳಿಯ ಮನೆಯೇ ಬೇಕು. ನನಗೆ ಕಂಡದ್ದು ಉಪ್ಪುಂದದ ನಿನ್ನ ಸೋದರತ್ತೆ ಪದ್ದುವಿನ ಮನೆ. ಅವಳ ಮಗಳು ಸುಗುಣಳನ್ನು ನಿನಗೆಂದು ನಾನೇ ಗೊತ್ತು ಮಾಡಿದ್ದೆ. ನೀನು ಹೇಳದೆ ಕೇಳದೆ ರಂಗೂನಿಗೆ ಓಡಿದೆ. ಸುಗುಣ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾಳೆ. ಆದರೆ ಪದ್ದು ಅಂದಿನಿಂದ ನನ್ನೊಡನೆ ಮಾತು ಬಿಟ್ಟಳು. ನಾನೂ ಬಿಟ್ಟೆ.

ಗುರುವಾರ ಹೊಳೆ ದಾಟಿ, ಗಾಡಿಯಲ್ಲಿ ನೆನೆಯುತ್ತ ಮೂವರೂ ಹೋದೆವು. “ಹ್ವಾಯ್ ಅತ್ತಿಗೆ, ದಾರಿ ತಪ್ಪಿತಾ?” ಎಂದಳು ಪದ್ದು, ಜಗಲಿಯಿಂದ ಇಳಿಯದೆ. ನಾನು ಜನ್ಮದಲ್ಲಿ ಯಾರ ಅಂಗಳದಲ್ಲೂ ನಿಂತು ಕೇಳಿದವಳಲ್ಲ. ಅಂದು ಕೇಳಿದೆ: “ಪದ್ದೂ, ಈ ಹೆಣ್ಣಿಗೊಂದ್ ತವರ್ ಬೇಕ್. ನಿನ್ ಮಗಳಾಯಿ ತಕೋ.” ಅವಳು ಹತ್ತು ವರ್ಷ ಕೂಡಿಟ್ಟದ್ದನ್ನು ಹೊರಗೆ ಹಾಕಿದಳು: “ಅಂದ್ ನನ್ ಮಗಳ್ ನಿಮ್ ಮಗನಿಗೆ ಸಾಕಾಗ್ಲಿಲ್ಲ. ಇಂದ್ ನಿಮ್ ಸೊಸಿಗೆ ನಾನ್ ಅಬ್ಬಿ ಆಯ್ಕಾ?” ಮಳೆ ಬಡಿಯುತ್ತಿತ್ತು. ಆಗ ಮಾ ಖಿನ್ ಮುಂದೆ ಬಂದು, ಬಹಳ ಹೊತ್ತು ನಿಂತೇ ಇದ್ದ ಪದ್ದುವಿಗೆ ಕೈ ಮುಗಿದಳು: “ಕೂಕಣಿ, ಎಂತ ಬೇಕ್?”

ಪದ್ದು ಬಾಯಿ ತೆರೆದು ನೋಡಿದಳು. ಆಮೇಲೆ ನಕ್ಕಳು ನೋಡು, ಕಂಬ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ. “ನನ್ ಜಗಲಿ ಮೇಲ್ ನಂಗೇ ಕೂಕಣಿ ಅಂತಲೆ! ಇದ್ ನಮ್ಮನಿ ಹೆಣ್ಣೇ ಸೈ. ಒಳಗ್ ಬಾ ಮಗಾ, ಮಳಿಗ್ ಚಂಡಿ ಆಯ್ದೆ.” ಮರುದಿನ ಮನೆಯ ಹಿರಿಯರನ್ನು ಸೇರಿಸಿ, ದೀಪ ಹಚ್ಚಿ, ಅವಳನ್ನು ಮಣೆಯ ಮೇಲೆ ಕೂರಿಸಿ, ತಮ್ಮ ಬಳಿಯ ಹೆಸರು ಹೇಳಿ ಮುಡಿಗೆ ಹೂವಿಟ್ಟಳು. ಈಗ ನಿನ್ನ ಹೆಂಡತಿ ನಿನ್ನ ಸೋದರತ್ತೆಯ ಮಗಳು. ಹತ್ತು ವರ್ಷದ ಹಿಂದೆ ನಾನು ಹೇಳಿದ್ದೂ ಅದನ್ನೇ.

ಆನೆಗುಡ್ಡೆಯ ಗಣಪತಿ ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ತಾಯಿ,
ಅಮ್ಮಣಿ ಶೆಡ್ತಿ

ತಾ.ಕ.: ಟಪಾಲಿನವ ಕೊಡೆ ಮಡಚದೆ ಕಾಯುತ್ತಿದ್ದಾನೆ. ಅವರಿಬ್ಬರೂ ಇಲ್ಲಿಲ್ಲ. ಉಪ್ಪುಂದದಲ್ಲಿ ಬಿಟ್ಟು ನಾನೊಬ್ಬಳೇ ಬಂದೆ. ಕೆಟಲು ಇಲ್ಲೇ ಉಳಿದಿದೆ. ಗದ್ದೆಯಂಚಿನಲ್ಲಿ ತಿರುಗಿ ನೋಡುವುದು ನನಗಿನ್ನೂ ಬಿಟ್ಟಿಲ್ಲ. ತವರಿಗೆ ಹೋದ ಹೆಣ್ಣನ್ನು ಗಂಡನೇ ಹೋಗಿ ಕರೆತರಬೇಕು. ಬೇರೆ ಯಾರು ಬಂದರೂ ಕಳಿಸಬೇಡ, ನಾನೇ ಬಂದು ಕೇಳಿದರೂ ಕಳಿಸಬೇಡ ಎಂದು ಪದ್ದುವಿಗೆ ಹೇಳಿ ಬಂದಿದ್ದೇನೆ.