ರಿಫಾತಣ್ಣನ ಸುದ್ದಿ

ಇಸ್ಮಾಯಿಲಿಯಾ
೨೩ ಅಕ್ಟೋಬರ್ ೧೯೯೮, ಶುಕ್ರವಾರ

ಪ್ರೀತಿಯ ಕೌಸರಕ್ಕನಿಗೆ,

ನಿನ್ನ ಇಜ್ಲಾಲ್ ಮಾಡುವ ಸಲಾಮು. ನೀನೂ ಭಾವನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಅಲೆಕ್ಸಾಂಡ್ರಿಯಾದ ಸಮುದ್ರದ ಗಾಳಿಗೆ ಮಂಡಿನೋವು ಜಾಸ್ತಿಯಾಗಿದೆ ಎಂದು ಬರೆದಿದ್ದೆ. ಈಗ ಹೇಗಿದೆ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಶಾಲೆಯ ಕೆಲಸ, ಮಗಳಿಗೆ ಜ್ವರ ಎಂದು ನೆಪ ಹೇಳಬಹುದು, ಆದರೆ ನಿನ್ನ ಹತ್ತಿರ ನನ್ನ ನೆಪಗಳು ನಡೆಯುವುದಿಲ್ಲ. ಈ ಕಾಗದವನ್ನೇ ಎರಡು ಸಲ ಬರೆದು ಹರಿದುಹಾಕಿದೆ. ಕೋಪ ಮಾಡಿಕೊಳ್ಳಬೇಡ.

ಪ್ರತಿ ಅಕ್ಟೋಬರಿನಲ್ಲಿ ಕೇಳುವುದನ್ನೇ ಈ ಸಲವೂ ಕೇಳಿದ್ದೀಯ: "ರಿಫಾತ್ ಸುದ್ದಿ ಏನಾದರೂ ಸಿಕ್ಕಿತಾ? ಅವನು ಎಲ್ಲೋ ಬದುಕಿರುವಾಗಲೇ ನಾನು ಇನ್ನೊಬ್ಬರ ಮನೆ ಸೇರಿದೆನಾ?" ನಮ್ಮಣ್ಣ ತೊಡಿಸಿದ ಉಂಗುರ ಹಾಕಿಕೊಂಡು ಹನ್ನೆರಡು ವರ್ಷ ಕಾದವಳು ನೀನು. ಮೂವತ್ತಮೂರಕ್ಕೆ ಎರಡನೇ ಸಂಬಂಧಕ್ಕೆ ಹೋದೆ, ಮಡಿಲು ತುಂಬಲಿಲ್ಲ. ಇಷ್ಟಾದರೂ ಮೋಸ ಮಾಡಿದವಳು ನಾನೇ ಎಂದು ಕೊರಗುತ್ತೀಯಲ್ಲ. ಈ ಸಲ ಉತ್ತರ ಇದೆ ಅಕ್ಕ. ಕೂತುಕೊಂಡು ಓದು.

ಅಣ್ಣ ಕಾಣೆಯಾದ ಆ ಯುದ್ಧಕ್ಕೆ ಇಪ್ಪತ್ತೈದು ವರ್ಷ ತುಂಬಿತೆಂದು ಕಳೆದ ಶನಿವಾರ ನಮ್ಮ ಶಾಲೆಯ ನಲವತ್ತು ಹುಡುಗಿಯರನ್ನು ಕಾಲುವೆಯ ಆಚೆ ದಡಕ್ಕೆ ಕರೆದುಕೊಂಡು ಹೋಗಿದ್ದೆವು. ದಿಬ್ಬದ ಮೇಲೆ ಶತ್ರುಗಳದೊಂದು ಠಾಣ್ಯವಿತ್ತಲ್ಲ, ಅದನ್ನು ಈಗ ನೋಡುಗರಿಗೆ ತೆರೆದಿದ್ದಾರೆ. ಸುಟ್ಟ ಟ್ಯಾಂಕು, ಕಂದಕ, ನೆಲದಡಿಯ ಕೋಣೆಗಳು, ಎಲ್ಲ ಹಾಗೇ ಇವೆ. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಅಲ್ಲಿಗೆ ಕಾಲಿಟ್ಟವಳಲ್ಲ. ದೋಣಿಯಲ್ಲಿ ಆಚೆ ದಡಕ್ಕೆ ಬೆನ್ನು ಮಾಡಿ ಕೂತೆ. ಹುಡುಗಿಯರಿಗೆ ಮಾತ್ರ ಹಬ್ಬ.

"ಟೀಚರ್, ಇವರ ಅಡುಗೆಮನೆ ನಮ್ಮನೇದಕ್ಕಿಂತ ದೊಡ್ಡದಿದೆ!" ಎಂದು ಒಬ್ಬಳು ಕೂಗಿದಳು.

"ಹಾಗಾದ್ರೆ ನಿಮ್ಮಮ್ಮನ್ನ ಇಲ್ಲೇ ಬಿಟ್ಟೋಗೋಣ ಬಿಡೇ," ಎಂದಳು ಇನ್ನೊಬ್ಬಳು.

ಗದರಿಸಲು ಹೋದವಳಿಗೆ ನಗು ಬಂತು. ನಾವೂ ಆ ವಯಸ್ಸಿನಲ್ಲಿ ಹೀಗೇ ಇದ್ದೆವಲ್ಲ.

ಊಟವಾದ ಮೇಲೆ ನೆಲದಡಿಯ ಕೋಣೆಯಲ್ಲಿ ಒಬ್ಬ ಮಾಜಿ ಸೈನಿಕರ ಮಾತಿತ್ತು. ಹೆಸರು ಶಹ್ಹಾತ್. ದಕ್ಷಿಣದ ಸೊಹಾಗ್ ಕಡೆಯವರು, ಹಜ್ ಮಾಡಿ ಬಂದವರು. ಹವಾಲ್ದಾರರಾಗಿ ನಿವೃತ್ತರಾಗಿದ್ದಾರೆ. ಕೋಟಿನ ಮೇಲೆ ಪದಕ, ಕಾಲಲ್ಲಿ ಚಪ್ಪಲಿ. ಕಾಲುವೆಯ ದಡದ ಮರಳಿನ ಗೋಡೆಯನ್ನು ಪಂಪಿನ ನೀರು ಹಾಯಿಸಿ ಒಡೆದ ತಂಡದಲ್ಲಿದ್ದರಂತೆ.

"ಮರಳು ನೀರಿಗೆ ಬೆಣ್ಣೆ ಹಂಗೆ ಕರಗ್ತು ಅಂತ ನಿಮ್ಮ ಪುಸ್ತಕದಲ್ಲಿ ಬರೆದವ್ರಂತೆ. ನಮ್ಮ ಪಾಲಿನ ಮರಳು ಪಾಪ ಪುಸ್ತಕ ಓದಿರ್ಲಿಲ್ಲ," ಎಂದರು. ಹುಡುಗಿಯರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ.

ಆಮೇಲೆ ಹೇಳಿದರು. "ಪೈಪಿನ ಮೂತಿ ಹಿಡಿಯೋಕೆ ಇಬ್ರು ಬೇಕು, ಅಷ್ಟು ಒದೀತದೆ ಅದು. ನನ್ನ ಜೋಡಿ ಈ ಊರಿನವನೇ, ರಿಫಾತ್ ಅಲ್-ಗುಬಾರಿ. ರಂಜಾನ್ ತಿಂಗಳು. ಉಪವಾಸ ಬಿಡಿ, ನೀರು ಕುಡೀರಿ ಅಂತ ಮೇಲಿನವರ ಅಪ್ಪಣೆ ಆಗಿತ್ತು. ಇವನು ಕೇಳಲಿಲ್ಲ. 'ಕುಡಿಯೋ ಮಹಾರಾಯ, ಬಾಟ್ಲಿ ತುಂಬ ನೀರಿದೆ' ಅಂದೆ. 'ಮೇಲೆ ಹತ್ತಿ ಕುಡೀತೀನಿ ಶಹ್ಹಾತ್, ನನ್ನ ಪಾಲು ಇಟ್ಟಿರು' ಅಂದ."

ಗೋಡೆ ಆಗ ಕುಸಿಯಿತಂತೆ, ನೇರವಾಗಿ ಅಣ್ಣನ ಮೇಲೆ. "ಕೈಯಲ್ಲೇ ಬಗೆದೆವು. ಮುಖ ಸಿಕ್ತು, ಉಸಿರಿರ್ಲಿಲ್ಲ. ಕಣ್ಣು ಮುಚ್ಚಿದ್ದು ಈ ಕೈಯೇ. ಅಷ್ಟರಲ್ಲಿ ಶೆಲ್ಲು ಬಿತ್ತು. ನಾನು ಎದ್ದು ನೋಡ್ದಾಗ ಆ ಜಾಗವೇ ಇರ್ಲಿಲ್ಲ. ಅದಕ್ಕೇ ಅವನು ಕಾಣೆಯಾದವರ ಪಟ್ಟಿಗೆ ಹೋದ."

ಅಕ್ಕ, ನಾನು ಬೆಂಚಿನ ಅಂಚು ಹಿಡಿದು ಕೂತಿದ್ದೆ. ಹುಡುಗಿಯರ ಮುಂದೆ ಅಳಬಾರದೆಂದು ಹಲ್ಲು ಕಚ್ಚಿದೆ. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು: "ಅವರ ಮನೆಯವರಿಗೆ ಗೊತ್ತಾಯ್ತಾ ಮಾಮ?"

ಶಹ್ಹಾತ್ ಅವಳ ಕಡೆ ತಿರುಗಿದರು. "ಮುಂದಿನ ಬೇಸಿಗೆ ರಜೆ ಸಿಕ್ತು. ಕಾಲುವೆ ಊರಿನವರೆಲ್ಲ ಮನೆ ಬಿಟ್ಟು ವಲಸೆ ಹೋಗಿದ್ರಲ್ಲ, ಅವರಪ್ಪ ಜಗಾಜೀಗ್‌ನಲ್ಲಿ ಒಂದು ಬಾಡಿಗೆ ಮನೇಲಿದ್ರು. ಹುಡುಕ್ಕೊಂಡು ಹೋಗಿ ಹೇಳಿದೆ. ಆ ಮನುಷ್ಯ ಅಳಲಿಲ್ಲ. ಕಾಫಿ ತರಿಸಿದ್ರು, ಸಾವಿನ ಮನೇಲಿ ಕುಡಿಯೋ ಅಂಥದ್ದು, ಸಕ್ಕರೆ ಇಲ್ಲದ್ದು. ತಳದ ಗಸಿ ತನಕ ಕುಡಿದ್ರು. ನಾನೂ ಕುಡಿದೆ. ಅದೇ ನಮ್ಮ ರಿಫಾತನ ಶೋಕ, ಕೂತವರು ಇಬ್ರೇ. ಆಮೇಲೆ 'ಹೆಂಗಸರಿಗೆ ಹೇಳಬೇಡ ಮಗ, ಅವನಮ್ಮನ ಎದೆ ತಡೆಯೋದಿಲ್ಲ' ಅಂತ ಭಾಷೆ ತಗೊಂಡ್ರು. ಅವರೀಗ ಇರಲಿಕ್ಕಿಲ್ಲ. ಅದಕ್ಕೇ ಬಾಯಿಬಿಟ್ಟೆ."

ಎಲ್ಲರೂ ಹೊರಗೆ ಹೋದ ಮೇಲೆ ಅವರ ಹತ್ತಿರ ಹೋಗಿ, ನಾನು ರಿಫಾತನ ತಂಗಿ ಎಂದೆ. ಪಾಪ, ಆ ಗಟ್ಟಿ ಮನುಷ್ಯ ಗೋಡೆಗೆ ಒರಗಿಬಿಟ್ಟರು. ನನ್ನ ತಲೆಯ ಮೇಲೆ ಕೈಯಿಟ್ಟು, "ಇಷ್ಟು ವರ್ಷ ನಿಮಗೆ ಗೊತ್ತೇ ಇರ್ಲಿಲ್ವಾ ತಾಯಿ?" ಎಂದು ಕೇಳಿದರು.

"ಇಲ್ಲ," ಎಂದೆ.

ಅಣ್ಣ ಹೋದ ಜಾಗವನ್ನು ದಿಬ್ಬದ ಮೇಲಿಂದ ಬೆರಳು ಮಾಡಿ ತೋರಿಸಿದರು. ಇಬ್ಬರೂ ನಿಂತು ಫಾತಿಹಾ ಓದಿದೆವು. ನಿನ್ನ ಹೆಸರಿನಲ್ಲೂ ನಾನೇ ಓದಿದೆ.

ಹಾಗಾಗಿ ಕೇಳು ಅಕ್ಕ. ನೀನು ಯಾರಿಗೂ ಮೋಸ ಮಾಡಿಲ್ಲ. ನಿನ್ನ ಮದುವೆಯ ಹೊತ್ತಿಗೆ ಅಣ್ಣ ಹೋಗಿ ಹನ್ನೆರಡು ವರ್ಷವಾಗಿತ್ತು. ಅಮ್ಮ ತೀರಿಕೊಂಡ ಮೇಲೆ, ಹಾಸಿಗೆ ಹಿಡಿದ ಅಪ್ಪ ನಿನ್ನ ಕೈ ಹಿಡಿದು "ಮದುವೆ ಮಾಡಿಕೋ ಮಗಳೇ" ಎಂದು ಗೋಗರೆದರಲ್ಲ, ಅದು ಯಾಕೆಂದು ಈಗ ತಿಳಿಯಿತು. ಇನ್ನು ಆ ಪ್ರಶ್ನೆಯನ್ನು ಬಿಟ್ಟುಬಿಡು. ಭಾವನಿಗೂ ಹೇಳು, ಅವರು ಒಳ್ಳೆಯವರು, ನಿನ್ನ ಜೊತೆ ಅವರೂ ಅಳುತ್ತಾರೆ.

ದೇವರು ನಿನ್ನ ಮನಸ್ಸಿಗೆ ನೆಮ್ಮದಿ ಕೊಡಲಿ, ಕಾಲಿಗೆ ಬಲ ಕೊಡಲಿ. ನಿನ್ನ ಮನೆಯ ದೀಪ ಬಹುಕಾಲ ಬೆಳಗಲಿ.

ನಿನ್ನ ತಂಗಿ,
ಇಜ್ಲಾಲ್

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಹಜ್ ಮಾಡಿ ಬಂದ ಆ ಮನುಷ್ಯರಿಗೆ ನಾನು ಸುಳ್ಳು ಹೇಳಿದೆ. ಅವತ್ತು ಅವರಿಬ್ಬರೂ ಕುಡಿದ ಕಾಫಿ ಮಾಡಿದವಳು ನಾನೇ. ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಳು. ಮೂರು ಚಮಚ ಸಕ್ಕರೆ ಇಲ್ಲದೆ ಕಾಫಿ ಮುಟ್ಟದ ಅಪ್ಪ, ಅಡುಗೆಮನೆಗೆ ಬಂದು, ನಾನು ಸಕ್ಕರೆ ಡಬ್ಬಿಗೆ ಕೈ ಹಾಕಿದಾಗ "ಬೇಡ" ಎಂದರು. ನನಗೆ ಹದಿನಾರು ವರ್ಷ. ಸಾವಿನ ಮನೆಗಳನ್ನು ಕಂಡವಳೇ. ಬಾಗಿಲ ಬಳಿ ನಿಂತು ಕಿವಿಗೊಡುವುದೂ ಬೇಕಾಗಲಿಲ್ಲ.

ಮರುದಿನ ಶುಕ್ರವಾರ. ಎಂದಿನಂತೆ ನೀನು ಬಂದೆ. ನನ್ನ ತಲೆ ಬಾಚುತ್ತಾ "ಏನಾದ್ರೂ ಸುದ್ದಿ ಬಂತೇನೇ?" ಎಂದೆ. ನಾನು ಇಲ್ಲ ಎಂದೆ. ಅಮ್ಮನ ಎದೆನೋವಿಗೆ ಹೆದರಿ ಹೇಳಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದಲ್ಲ ಅಕ್ಕ. ಅಣ್ಣ ಇಲ್ಲವೆಂದಾದರೆ ನೀನು ನಮಗೆ ಏನೂ ಅಲ್ಲ, ಶುಕ್ರವಾರ ಬರುವುದು ನಿಂತುಹೋಗುತ್ತದೆ, ಅದಕ್ಕೇ ಹೇಳಲಿಲ್ಲ.